ಕಡಲು ಕಾದ ಜಾಂಗ್ ಬೊಗೊ

(ಸಂಘದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ. ಪಾಳಿಯ ಕಾರಣದಿಂದ ಬರಲಾಗದವರು ಕೇಳಿಕೊಂಡದ್ದರಿಂದ ಇಲ್ಲಿ ಬರೆದು ಕೊಟ್ಟಿದೆ.)



"ಹಿಂದಿನ ಕಾಲದ ಕಡಲ ವ್ಯಾಪಾರ" ಎಂಬ ವಿಷಯವಾಗಿ ಅರ್ಧ ಗಂಟೆ ಮಾತನಾಡಬೇಕೆಂದು ನಮ್ಮ ಕಾರ್ಯದರ್ಶಿಗಳು ಹೇಳಿದಾಗ ನಾನು ನಕ್ಕುಬಿಟ್ಟೆ. ಏಳನೆಯ ತರಗತಿಗೆ ಶಾಲೆಗೆ ಶರಣು ಹೊಡೆದು, ಲೋಟ ತೊಳೆಯುವುದರಿಂದ ಹಿಡಿದು ಗಲ್ಲೆಯ ಬಳಿ ನಿಲ್ಲುವವರೆಗೆ ಎಲ್ಲ ಕೆಲಸವನ್ನೂ ಮಾಡಿದ ಮನುಷ್ಯ ನಾನು. ಇತಿಹಾಸ ಹೇಳುವುದಕ್ಕೆ ದೊಡ್ಡ ಓದಿನವರು ಬೇಕು. ಆದರೆ ಕಾರ್ಯದರ್ಶಿಗಳು ಬಿಡಲಿಲ್ಲ. "ನೀನು ಕಡಲ ಕರೆಯಲ್ಲಿ ಹುಟ್ಟಿದವನು, ಏನಾದರೂ ಹೇಳು" ಎಂದರು. ಕಡಲ ಕರೆಯಲ್ಲಿ ಹುಟ್ಟಿದರೆ ಈಜಲು ಬರುತ್ತದೆಯೇ ಹೊರತು ಇತಿಹಾಸ ಬರುವುದಿಲ್ಲ ಎಂದು ಅವರಿಗೆ ತಿಳಿಯದ್ದೇನಲ್ಲ.

ಹಾಗಿದ್ದರೂ ಒಪ್ಪಿಕೊಂಡೆ. ಅದಕ್ಕೆ ಕಾರಣವುಂಟು. ಗ್ರಂಥಾಲಯದಲ್ಲಿ ಪರಿಚಯವಾದ ಗೆಳೆಯರೊಬ್ಬರು ಕೆಲವು ತಿಂಗಳು ನನಗೆ ಒಂದು ಪುಸ್ತಕವನ್ನು ಓದಿ ಅರ್ಥ ಹೇಳಿದರು. ಎನ್ನಿನ್ ಎಂಬ ಜಪಾನಿ ಬೌದ್ಧ ಸನ್ಯಾಸಿ 838ರಿಂದ 847ರವರೆಗೆ ಚೀನಾದಲ್ಲಿ ತಿರುಗಾಡಿ ದಿನದಿನವೂ ಬರೆದಿಟ್ಟ ದಿನಚರಿ ಅದು. ಎಡ್ವಿನ್ ರೈಷೌರ್ ಎಂಬ ವಿದ್ವಾಂಸರು 1955ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಆ ಸನ್ಯಾಸಿಯ ಬರಹದಲ್ಲಿ ಒಂದು ಹೆಸರು ಮತ್ತೆ ಮತ್ತೆ ಬರುತ್ತದೆ: ಜಾಂಗ್ ಬೊಗೊ. ಇವನು ಯಾರೆಂದು ಕೇಳುತ್ತ ಹೋದೆ. ಕೇಳಿದಷ್ಟೂ ಅವನು ನಮ್ಮ ಪೈಕಿಯವನೇ ಎನ್ನಿಸಿತು. ಆದ್ದರಿಂದ ಇವತ್ತು ರಾಜಮಹಾರಾಜರ ಹಡಗುಗಳ ವರ್ಣನೆಯನ್ನು ಬಿಟ್ಟು ಈ ಒಬ್ಬನ ಕಥೆಯನ್ನೇ ಹೇಳುತ್ತೇನೆ.

ಕಾಲ ಯಾವುದೆಂದರೆ, ನಮ್ಮ ಕಡೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲ. ಅವನು ಪಟ್ಟಕ್ಕೆ ಬಂದದ್ದು 814ರಲ್ಲಿ. ದೇಶ ಯಾವುದೆಂದರೆ ಕೊರಿಯಾ. ಆಗ ಅಲ್ಲಿ ಸಿಲ್ಲಾ ಎಂಬ ರಾಜ್ಯವಿತ್ತು. ಅದರ ಪಶ್ಚಿಮಕ್ಕೆ ಒಂದು ಕಡಲು, ಕಡಲಾಚೆ ಚೀನಾದ ಟಾಂಗ್ ಸಾಮ್ರಾಜ್ಯ. ದಕ್ಷಿಣಕ್ಕೆ ಇನ್ನೊಂದು ಕಡಲು, ಅದರಾಚೆ ಜಪಾನು. ಮೂರು ದೇಶಗಳ ನಡುವಿನ ನೀರು ಅದು. ಚೀನಾದ ರೇಶ್ಮೆ, ಪಿಂಗಾಣಿ, ಪುಸ್ತಕ, ಔಷಧಿ ಈ ನೀರಿನ ಮೇಲೆಯೇ ಪೂರ್ವಕ್ಕೆ ಹೋಗಬೇಕು. ಇನ್ನೂ ದೂರದ ತೆಂಕಣ ಕಡಲುಗಳಿಂದ ಚೀನಾಕ್ಕೆ ಬಂದಿಳಿದ ಚಂದನ, ಅಗರು, ಆಮೆಚಿಪ್ಪು, ನವಿಲುಗರಿಗಳೂ ಇದೇ ದಾರಿಯಲ್ಲಿ ಹೋಗುತ್ತಿದ್ದವು.

ಸಿಲ್ಲಾದ ವಿಚಾರ ಒಂದು ಮಾತು ಮೊದಲೇ ಹೇಳಬೇಕು. ಇಲ್ಲದಿದ್ದರೆ ಮುಂದಿನ ಕಥೆ ತಿಳಿಯುವುದಿಲ್ಲ. ಅಲ್ಲಿ ಮನುಷ್ಯನ ಯೋಗ್ಯತೆಯನ್ನು ಅವನ ಎಲುಬಿನಿಂದ ಅಳೆಯುತ್ತಿದ್ದರು. ತಮಾಷೆಯಲ್ಲ, ಆ ಕಟ್ಟಳೆಗೆ ಎಲುಬಿನ ಅಂತಸ್ತು ಎಂದೇ ಹೆಸರು. ರಾಜವಂಶದವರದು ಒಂದು ಎಲುಬು, ಅವರ ಕೆಳಗೆ ಒಂದೊಂದೇ ಮೆಟ್ಟಿಲು. ಯಾವ ಮೆಟ್ಟಿಲಿನಲ್ಲಿ ಹುಟ್ಟಿದೆಯೋ ಅದರ ಮೇಲಿನ ಅಧಿಕಾರ ನಿನಗೆ ಸಿಕ್ಕದು. ಅಧಿಕಾರ ಹಾಗಿರಲಿ, ಬಟ್ಟೆ ಎಂಥದು, ಗಾಡಿ ಎಂಥದು, ಮನೆಯ ಕೋಣೆ ಎಷ್ಟು ದೊಡ್ಡದಿರಬೇಕು ಎಂಬುದಕ್ಕೂ ಕಾನೂನು. ಮೇಲಿನ ಎಲುಬಿನವನ ಕೋಣೆ ಅವರ ಅಳತೆಯ 24 ಅಡಿ ಮೀರಬಾರದು, ಅದರ ಕೆಳಗಿನವನದು 21, ಅದರ ಕೆಳಗೆ 18, ಕೊನೆಯಲ್ಲಿ ಸಾಮಾನ್ಯ ಜನಕ್ಕೆ 15. ಹತ್ತಡಿಯ ಖೋಲಿಯಲ್ಲಿ ಎಂಟು ಜನ ಸಾಲಾಗಿ ಮಲಗಿ ಬೆಳೆದ ನಮಗೆ 15 ಅಡಿ ಎಂದರೆ ಅರಮನೆಯೇ ಎಂದು ನೀವು ನಗಬಹುದು. ನಾನೂ ನಕ್ಕೆ. ಆದರೆ ದುಡ್ಡಿಲ್ಲದೆ ಸಣ್ಣ ಖೋಲಿಯಲ್ಲಿರುವುದು ಬೇರೆ, ದುಡ್ಡಿದ್ದರೂ ದೊಡ್ಡದು ಕಟ್ಟಬೇಡ ಎನ್ನುವುದು ಬೇರೆ.

ಈ ದೇಶದ ನೈರುತ್ಯ ಮೂಲೆಯ ಕಡಲ ಕಡೆಯವನು ನಮ್ಮ ಜಾಂಗ್ ಬೊಗೊ. ಅವನ ತಂದೆ ತಾಯಿ ಯಾರು, ಅಜ್ಜ ಯಾರು ಎಂದು ಅವನ ದೇಶದ ಚರಿತ್ರೆಕಾರರೇ ಬರೆದಿಲ್ಲ. ಕಿಮ್ ಬುಸಿಕ್ ಎಂಬುವನು 1145ರಲ್ಲಿ ಮುಗಿಸಿದ ಸಾಮ್‌ಗುಕ್ ಸಾಗಿ ಎಂಬ ಚರಿತ್ರೆಯಲ್ಲಿ, ಇವನ ಊರೂ ಹಿರಿಯರೂ ತಿಳಿಯರು ಎಂದು ಒಂದೇ ಮಾತಿನಲ್ಲಿ ಮುಗಿಸಿದೆ. ಹುಟ್ಟುಹೆಸರು ಗುಂಗ್‌ಬೊಕ್, ಬಿಲ್ಲು ಎಂಬ ಅರ್ಥ ಅದರಲ್ಲಿ ಬರುತ್ತದೆ. ಜಾಂಗ್ ಎಂಬುದು ಚೀನಾಕ್ಕೆ ಹೋದ ಮೇಲೆ ಇಟ್ಟುಕೊಂಡ ಮನೆತನದ ಹೆಸರು. ಊರು ಬಿಟ್ಟು ಬಂದವನಿಗೆ ಇನ್ನೊಬ್ಬರ ಬಾಯಿಗೆ ಸಿಗುವ ಹೆಸರೊಂದು ಬೇಕಾಗುತ್ತದೆ. ನಮ್ಮಲ್ಲಿಯೂ ಎಷ್ಟೋ ಜನರ ನಿಜವಾದ ಹೆಸರು ಹೋಟೆಲಿನ ಬಾಗಿಲಾಚೆಯೇ ಉಳಿದಿದೆಯಲ್ಲ.

ಅವನಿಗೆ ಜೊಂಗ್ ನ್ಯೊನ್ ಎಂಬ ಒಬ್ಬ ಗೆಳೆಯ. ವಯಸ್ಸಿನಲ್ಲಿ ಸಣ್ಣವನು, ಬೊಗೊವನ್ನು ಅಣ್ಣ ಎಂದು ಕರೆಯುತ್ತಿದ್ದ. ಭರ್ಚಿ ಹಿಡಿದು ಕುದುರೆ ಏರಿದರೆ ಇಬ್ಬರಿಗೂ ಸಮಾನರಿಲ್ಲ. ನ್ಯೊನನು ಉಸಿರು ಕಟ್ಟದೆ ಕಡಲಿನ ಅಡಿಯಲ್ಲಿ 50 'ಲೀ' ದೂರ ನಡೆಯಬಲ್ಲವನಾಗಿದ್ದನೆಂದು ಚರಿತ್ರೆಯಲ್ಲಿ ಬರೆದಿದೆ. ಲೀ ಎಂಬುದು ಅವರ ಅಳತೆ. ಐವತ್ತೆಂದರೆ ಇಪ್ಪತ್ತು ಕಿಲೋಮೀಟರು ಮೀರುತ್ತದೆ! ಇದನ್ನು ನಾನು ನಂಬಿ ಎನ್ನುವುದಿಲ್ಲ. ಗೆಳೆಯರಿಬ್ಬರೂ ನೀರಿನ ಮಕ್ಕಳು ಎಂಬಷ್ಟನ್ನು ತೆಗೆದುಕೊಂಡರೆ ಸಾಕು.

ತಮ್ಮ ಎಲುಬಿಗೆ ಊರಿನಲ್ಲಿ ಬೆಲೆಯಿಲ್ಲವೆಂದು ಇಬ್ಬರೂ ಚೀನಾಕ್ಕೆ ಹೋದರು. ಶೂಜೋ ಎಂಬ ಪಟ್ಟಣದಲ್ಲಿದ್ದ ಸೈನ್ಯಕ್ಕೆ ಸೇರಿ, ದುಡಿದು, ಸಣ್ಣ ದರ್ಜೆಯ ಅಧಿಕಾರಿಗಳಾದರು. ಪರದೇಶದಲ್ಲಿ ಪರದೇಶಿಗೆ ಅಷ್ಟು ಸಿಕ್ಕುವುದೂ ಕಡಿಮೆಯೇನಲ್ಲ. ಬೊಗೊ ಅಲ್ಲಿಯೇ ಇದ್ದುಬಿಡಬಹುದಿತ್ತು.

ಅಲ್ಲಿ ಅವನು ಕಂಡದ್ದೇನು? ಅವನ ದೇಶದ ಜನ ಪೇಟೆಯಲ್ಲಿ ಮಾರಾಟಕ್ಕಿದ್ದರು.

ಬಂಧುಗಳೆ, ಇದು ಹೇಗಾಯಿತೆಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸಿಲ್ಲಾದಲ್ಲಿ ಆ ವರ್ಷಗಳಲ್ಲಿ ಬರಗಾಲದ ಮೇಲೆ ಬರಗಾಲ. 816ರಲ್ಲಿ 170 ಜನ ಅನ್ನ ಹುಡುಕಿಕೊಂಡು ಕಡಲು ದಾಟಿ ಚೀನಾದ ಝೆಜಿಯಾಂಗ್ ಕಡೆ ಹೋಗಿ ಬಿದ್ದರು. 821ರ ವಸಂತದಲ್ಲಿ ಹಸಿವು ತಡೆಯಲಾರದೆ ಜನ ಮಕ್ಕಳನ್ನು ಮಾರಿ ಹೊಟ್ಟೆ ಹೊರೆದರೆಂದು ಚರಿತ್ರೆಯಲ್ಲಿದೆ. 822ರಲ್ಲಿ ರಾಜಬಂಧುಗಳೊಳಗೇ ಒಬ್ಬನು ದಂಗೆಯೆದ್ದ. ಊರಿನಲ್ಲಿ ಆಳುವವರ ಹಿಡಿತ ಸಡಿಲವಾದಾಗ ಕಡಲಿನಲ್ಲಿ ಕಳ್ಳರಿಗೆ ಹಬ್ಬ. ಅವರು ಕರಾವಳಿಯ ಹಳ್ಳಿಗಳಿಂದ ಜನರನ್ನು ಹಿಡಿದು ಹಡಗಿಗೆ ತುಂಬಿ ಪಶ್ಚಿಮಕ್ಕೆ ಒಯ್ದು, ಶಾಂಡೊಂಗ್ ಕರಾವಳಿಯ ಪಟ್ಟಣಗಳಲ್ಲಿ ಗುಲಾಮರನ್ನಾಗಿ ಮಾರುತ್ತಿದ್ದರು.

ಇದನ್ನು ತಡೆಯುವ ಕಾನೂನು ಇರಲಿಲ್ಲವೇ? ಇತ್ತು. 821ರಲ್ಲಿ ಆ ಪ್ರಾಂತದ ಅಧಿಕಾರಿ ಶುಯೆ ಪಿಂಗ್ ಎಂಬುವನು ಚಕ್ರವರ್ತಿಗೆ ಬರೆದು, ಸಿಲ್ಲಾದ ಜನರನ್ನು ಮಾರಬಾರದೆಂದು ನಿಷೇಧ ತಂದ. 823ರಲ್ಲಿ ಹಿಡಿದಿಟ್ಟವರನ್ನು ಬಿಡಬೇಕೆಂದೂ ಆಜ್ಞೆಯಾಯಿತು. ಬಿಟ್ಟರು. ಬಿಟ್ಟ ಮೇಲೆ ಅವರು ಊರಿಗೆ ಹೋಗುವುದು ಹೇಗೆ? ಕೈಯಲ್ಲಿ ಕಾಸಿಲ್ಲ, ಹಡಗಿಲ್ಲ. ಮುದುಕರು, ಕೈಲಾಗದವರು ಕಡಲ ಕರೆಯ ಹಳ್ಳಿಗಳಲ್ಲಿ ಅಲೆಯುತ್ತ ಉಳಿದರು. ಇವರನ್ನು ಹಡಗು ಹತ್ತಿಸಿ ಕಳಿಸಿರೆಂದು ಸಿಲ್ಲಾದ ರಾಯಭಾರಿ ಬೇಡಿಕೊಳ್ಳಬೇಕಾಯಿತು. ಇತ್ತ ಮಾರಾಟವೂ ನಿಲ್ಲಲಿಲ್ಲ.

ಕಾಗದದ ಕಾನೂನು ಎಂದರೆ ಏನೆಂಬುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ನಾನು ಹದಿಮೂರನೆಯ ವಯಸ್ಸಿನಲ್ಲಿ ಈ ಊರಿಗೆ ಬಂದು ಮಾಣಿಯಾಗಿ ನಿಂತ ಹೋಟೆಲಿನಲ್ಲಿ ಕೆಲಸದ ವೇಳೆ ಇಷ್ಟು, ರಜೆ ಇಷ್ಟು ಎಂದು ಅಚ್ಚು ಹಾಕಿದ ಹಾಳೆಗೆ ಚೌಕಟ್ಟು ಕಟ್ಟಿ ಗೋಡೆಗೆ ತೂಗುಹಾಕಿದ್ದರು. ಅದರ ಮುಂದೆ ಮೈದಾ ಹಿಟ್ಟಿನ ಚೀಲಗಳನ್ನು ಒಟ್ಟಿದ್ದರು. ಚೀಲ ಕರಗಿದಾಗ ಎರಡು ಸಾಲು ಓದಬಹುದಾಗಿತ್ತು, ಮರುದಿನ ಹೊಸ ಚೀಲ ಬರುತ್ತಿತ್ತು. ನನ್ನನ್ನು ಊರಿನಿಂದ ಕರೆತಂದವನು ಮನೆಯಲ್ಲಿ ಮುಂಗಡ ಕೊಟ್ಟದ್ದೆಷ್ಟು, ಧಣಿಯ ಕೈಯಿಂದ ತೆಗೆದುಕೊಂಡದ್ದೆಷ್ಟು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಇದನ್ನು ಗುಲಾಮಗಿರಿಗೆ ಹೋಲಿಸುವುದಿಲ್ಲ. ಹೋಲಿಸಿದರೆ ಆ ಹಡಗುಗಳಲ್ಲಿ ಕಟ್ಟಿಹಾಕಿಸಿಕೊಂಡು ಹೋದವರಿಗೆ ಅನ್ಯಾಯವಾದೀತು. ಆದರೆ ಬೊಗೊ ಆ ಪೇಟೆಯಲ್ಲಿ ನಿಂತು, ಮಾರಾಟಕ್ಕಿದ್ದವರು ತನ್ನ ಊರ ಭಾಷೆಯಲ್ಲಿ ಅಳುವುದನ್ನು ಕೇಳಿದಾಗ ಅವನಿಗೆ ಏನಾಗಿರಬೇಕೆಂಬುದನ್ನು ಊಹಿಸಿಕೊಳ್ಳಲು ನನಗೆ ಕಷ್ಟವಾಗಲಿಲ್ಲ.

ಅವನು ಕೆಲಸ ಬಿಟ್ಟು ಊರಿಗೆ ಬಂದ. 828ರಲ್ಲಿ ಹುಂಗ್‌ಡೊಕ್ ಎಂಬ ರಾಜನ ಮುಂದೆ ನಿಂತು ಒಂದು ಅರಿಕೆ ಮಾಡಿಕೊಂಡ. ಚೀನಾದಲ್ಲೆಲ್ಲ ನಮ್ಮ ಜನ ಗುಲಾಮರಾಗಿದ್ದಾರೆ, ಚೊಂಗ್‌ಹೇ ಎಂಬಲ್ಲಿ ಒಂದು ಠಾಣೆ ಕಟ್ಟಲು ಅಪ್ಪಣೆ ಕೊಟ್ಟರೆ ಕಳ್ಳರು ಜನರನ್ನು ಹಿಡಿದು ಪಶ್ಚಿಮಕ್ಕೆ ಒಯ್ಯದಂತೆ ನಾನು ತಡೆಯುತ್ತೇನೆ ಎಂದ. ರಾಜ ಒಪ್ಪಿ 10,000 ಜನರನ್ನು ಕೊಟ್ಟ.

ಕೊಟ್ಟ ಎಂದು ಬರೆದಿದ್ದಾರೆ. ಆದರೆ ದಂಗೆಯಿಂದ ಆಗತಾನೆ ಸುಧಾರಿಸಿಕೊಳ್ಳುತ್ತಿದ್ದ ರಾಜನ ಬಳಿ ದಾನ ಮಾಡಲು ಹತ್ತು ಸಾವಿರ ಸೈನಿಕರು ಎಲ್ಲಿದ್ದರು? ಆ ದ್ವೀಪಗಳ, ಆ ಕರಾವಳಿಯ ಜನರನ್ನೇ ಕೂಡಿಸಿಕೊಳ್ಳಲು ರಾಜ ಅಪ್ಪಣೆ ಕೊಟ್ಟನೆಂದು ಈಗಿನ ಇತಿಹಾಸಕಾರರಲ್ಲಿ ಅನೇಕರು ಹೇಳುತ್ತಾರೆ. ನನಗೂ ಅದೇ ಸರಿಯೆಂದು ತೋರುತ್ತದೆ. ಮಕ್ಕಳನ್ನು ಕಳೆದುಕೊಂಡ ಊರಿನವರಿಗಿಂತ ಚೆನ್ನಾಗಿ ಆ ಕಡಲನ್ನು ಕಾಯುವವರು ಇನ್ನಾರು? ಇನ್ನೊಂದು ಮಾತು. ಬೊಗೊನಿಗೆ ಕೊಟ್ಟ ಪದವಿಯ ಹೆಸರು ಸಿಲ್ಲಾದ 17 ಮೆಟ್ಟಿಲುಗಳ ಅಧಿಕಾರ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಕೆಲಸ ಕೊಟ್ಟರು, ಮೆಟ್ಟಿಲು ಕೊಡಲಿಲ್ಲ. ಅವನ ಎಲುಬು ಅಡ್ಡ ಬಂತು.

ಚೊಂಗ್‌ಹೇ ಎಂದರೆ ಈಗಿನ ವಾಂಡೊ ದ್ವೀಪ. ಕೊರಿಯಾದ ನೈರುತ್ಯ ತುದಿಯಲ್ಲಿದೆ. ಅಲ್ಲಿ ನೂರಾರು ಸಣ್ಣ ದ್ವೀಪಗಳು, ಅವುಗಳ ನಡುವೆ ಕಿರಿದಾದ ನೀರಿನ ಓಣಿಗಳು, ಭರತ ಇಳಿತದ ಸೆಳವು. ಕಳ್ಳರಿಗೆ ಅಡಗಲು ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಆದರೆ ಚೀನಾದಿಂದ ಜಪಾನಿಗೆ ಹೋಗುವ ಹಡಗೂ, ಸಿಲ್ಲಾದ ರಾಜಧಾನಿಯಿಂದ ಚೀನಾಕ್ಕೆ ಹೋಗುವ ಹಡಗೂ ಹೆಚ್ಚಾಗಿ ಈ ಮೂಲೆಯನ್ನು ಸುತ್ತಿ ಹೋಗುತ್ತಿದ್ದವು. ನಾಲ್ಕು ರಸ್ತೆ ಕೂಡುವ ನಾಕೆಯಲ್ಲಿ ಹೋಟೆಲು ಇಟ್ಟವನು ಯಾರು ಬಂದರು ಯಾರು ಹೋದರೆಂದು ಗಲ್ಲೆಯ ಮೇಲೆ ಕುಳಿತೇ ಹೇಳುತ್ತಾನಲ್ಲ, ಬೊಗೊ ಹಿಡಿದದ್ದು ಅಂಥ ನಾಕೆಯನ್ನು. ವಾಂಡೊಗೆ ತಾಗಿದ ಜಾಂಗ್‌ಡೊ ಎಂಬ ಪುಟ್ಟ ದ್ವೀಪದಲ್ಲಿ ಕೋಟೆ ಕಟ್ಟಿದ. 1991ರಿಂದ ಅಲ್ಲಿ ಅಗೆತ ನಡೆದು ಮಣ್ಣಿನ ಕೋಟೆಗೋಡೆ, ಬಾವಿ, ಚೀನಾದ ಪಿಂಗಾಣಿಯ ಚೂರುಗಳು ದೊರೆತಿವೆ. ದಡದ ಕೆಸರಿನಲ್ಲಿ ಮರದ ದಿಮ್ಮಿಗಳನ್ನು ಒಂದರ ಪಕ್ಕಕ್ಕೊಂದು ಹುಗಿದು ಬೇಲಿ ಹಾಕಿದ್ದು ಇಂದಿಗೂ ನಿಂತಿದೆ.

ಕಳ್ಳರೊಡನೆ ಅವನು ಮಾಡಿದ ಕಾಳಗಗಳ ವರ್ಣನೆ ಕೇಳಬೇಕೆಂದು ತರುಣರಿಗೆ ಆಸೆಯಿರಬಹುದು. ಹಳೆಯ ಗ್ರಂಥಗಳಲ್ಲಿ ಅಂಥದೊಂದಿಲ್ಲ. ನಾನು ಕಟ್ಟಿ ಹೇಳುವುದಿಲ್ಲ. ಅವನ ಸಮಕಾಲೀನನಾದ ದು ಮು ಎಂಬ ಚೀನೀ ಕವಿ ಅವನ ಜೀವನವನ್ನು ಚಿಕ್ಕದಾಗಿ ಬರೆದಿದ್ದಾನೆ. ಆ ಮೇಲೆ ಕಡಲಿನಲ್ಲಿ ಸಿಲ್ಲಾದವರನ್ನು ಮಾರುವವರೇ ಇಲ್ಲದಾದರು ಎಂಬಷ್ಟೇ ಅದರಲ್ಲಿರುವ ಮಾತಿನ ಅರ್ಥ. ಅಷ್ಟೇ. ನೂರು ಯುದ್ಧ ಗೆದ್ದ ರಾಜರ ಶಾಸನಗಳನ್ನು ಓದಿದವರು ನಮ್ಮಲ್ಲಿದ್ದಾರೆ. ಇಂಥ ಒಂದು ವಾಕ್ಯವನ್ನು ಎಷ್ಟು ರಾಜರು ಸಂಪಾದಿಸಿದ್ದಾರೆಂದು ಅವರೇ ಹೇಳಲಿ.

ಕಡಲು ಕಳ್ಳರಿಲ್ಲದಂತಾದ ಮೇಲೆ ವ್ಯಾಪಾರ ತಾನಾಗಿ ಬೆಳೆಯಿತು. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಬೊಗೊ ಮೊದಲು ಕಾದದ್ದು ಸರಕನ್ನಲ್ಲ, ಮನುಷ್ಯರನ್ನು. ಜನ ನಿರ್ಭಯರಾಗಿ ದೋಣಿ ಏರಿದ್ದರಿಂದ ಸರಕು ಅವರ ಹಿಂದೆ ಬಂತು. ಚೀನಾದ ಕರಾವಳಿಯ ಉದ್ದಕ್ಕೂ, ಕಾಲುವೆಗಳ ದಂಡೆಯ ಪಟ್ಟಣಗಳಲ್ಲಿಯೂ ಸಿಲ್ಲಾದವರ ಕೇರಿಗಳಿದ್ದವು. ಒಂದೊಂದು ಕೇರಿಗೂ ತಮ್ಮವನೇ ಆದ ಯಜಮಾನ, ಭಾಷೆ ತಿಳಿಸಿ ಹೇಳುವ ದುಭಾಷಿ. ಹಡಗು ಕಟ್ಟುವವರು, ಹಡಗು ರಿಪೇರಿ ಮಾಡುವವರು, ಖಲಾಸಿಗಳು, ಸರಕು ಹೊರುವವರು. ಎನ್ನಿನ್ ಸನ್ಯಾಸಿ ಒಂದು ದಿನ ಕಡಲ ದಂಡೆಯಲ್ಲಿ ಹತ್ತಕ್ಕಿಂತ ಹೆಚ್ಚು ಜನರಿದ್ದ ಒಂದು ದೋಣಿಯನ್ನು ಕಂಡ. ಯಾರೆಂದು ಕೇಳಿದರೆ, ಸಿಲ್ಲಾದವರು, ಇದ್ದಲು ತುಂಬಿಕೊಂಡು ಚೂಜೋ ಪಟ್ಟಣಕ್ಕೆ ಹೊರಟಿದ್ದೇವೆ ಎಂದರು. ದೊಡ್ಡವರ ಚರಿತ್ರೆಯಲ್ಲಿ ಇದ್ದಲಿನ ದೋಣಿ ಬರುವುದು ಅಪರೂಪ. ಭಟ್ಟಿಯ ಮುಂದೆ ನಿಂತವನಾದ್ದರಿಂದ ನನಗೆ ಅದು ಮರೆತುಹೋಗಲಿಲ್ಲ.

ಆ ಸನ್ಯಾಸಿಯ ಇನ್ನೊಂದು ಪ್ರಸಂಗ ಸೊಗಸಾಗಿದೆ. ಚೀನಾದಲ್ಲಿ ಉಳಿಯಲು ಅವನಿಗೆ ಸರಕಾರದ ಪರವಾನಗಿ ಸಿಗಲಿಲ್ಲ. ಆದ್ದರಿಂದ ದಂಡೆಯಲ್ಲಿ ಗುಟ್ಟಾಗಿ ಇಳಿದು, ತಾನು ಸಿಲ್ಲಾದವನೆಂದು ಹೇಳಿಕೊಂಡು ಒಂದು ಹಳ್ಳಿಗೆ ಹೋದ. ಅಲ್ಲಿದ್ದವರು ನಿಜವಾದ ಸಿಲ್ಲಾದವರು! ಎರಡು ಮಾತು ಕೇಳುತ್ತಲೇ, ಸ್ವಾಮಿ, ನಿಮ್ಮದು ನಮ್ಮ ಭಾಷೆಯಲ್ಲ, ಚೀನೀ ಭಾಷೆಯೂ ಅಲ್ಲ ಎಂದು ಹಿಡಿದುಬಿಟ್ಟರು. ಊರು ಬಿಟ್ಟವರ ಕಿವಿ ಎಷ್ಟು ಚುರುಕೆಂಬುದು ನಮಗೆ ಗೊತ್ತು. ಬಾಯಿಬಿಟ್ಟರೆ ಸಾಕು, ಕುಂದಾಪುರವೋ ಕಾರ್ಕಳವೋ ಎಂದು ನಾವೂ ಹೇಳುತ್ತೇವೆ.

ಕೊನೆಗೆ ಅವನಿಗೆ ಆಶ್ರಯ ಸಿಕ್ಕಿದ್ದು ಶಾಂಡೊಂಗ್ ತುದಿಯ ಚಿಶಾನ್ ಬೆಟ್ಟದ ಒಂದು ಮಠದಲ್ಲಿ. ಅದನ್ನು ಕಟ್ಟಿಸಿದವನು ಜಾಂಗ್ ಬೊಗೊ. ವರ್ಷಕ್ಕೆ 500 ಮೂಟೆ ಅಕ್ಕಿಯ ಉತ್ಪನ್ನ ಬರುವ ಜಮೀನು ಅದಕ್ಕಿತ್ತು. ಚಳಿಗಾಲದಲ್ಲಿ ಪುರಾಣ ಕೇಳಲು ದಿನವೂ ಸುಮಾರು 40 ಜನ ಸೇರುತ್ತಿದ್ದರು, ಮುಗಿಯುವ ಎರಡು ದಿನ ಇನ್ನೂರು, ಇನ್ನೂರೈವತ್ತು. ಬಂದವರೆಲ್ಲ ಸಿಲ್ಲಾದವರು. 839ರ ಎಂಟನೆಯ ತಿಂಗಳ ಹುಣ್ಣಿಮೆಯ ದಿನ ಅಲ್ಲಿ ಹಬ್ಬ ನಡೆಯಿತು. ಬೇರೆ ದೇಶಗಳಲ್ಲಿಲ್ಲದ ಹಬ್ಬವೆಂದೂ, ಊರನ್ನು ನೆನೆದು ಇವರು ಆಚರಿಸುತ್ತಾರೆಂದೂ ಎನ್ನಿನ್ ಬರೆದಿದ್ದಾನೆ. ಶಾವಿಗೆಯಂಥ ಅಡಿಗೆ, ಹಿಟ್ಟಿನ ಭಕ್ಷ್ಯ, ಹಾಡು, ಕುಣಿತ, ವಾದ್ಯ, ಮೂರು ದಿನ ಹಗಲು ರಾತ್ರಿ. ನಮ್ಮ ಗೆಳೆಯರು ಈ ಭಾಗ ಓದುತ್ತಿದ್ದಾಗ ನಾನು ನಡುವೆಯೇ ನಿಲ್ಲಿಸಿದೆ. ಇಲ್ಲಿ ನಾವು ಗಣಪತಿ ಕೂರಿಸಿ ಊರಿನಿಂದ ಯಕ್ಷಗಾನದ ಮೇಳ ಕರೆಸಿದ ರಾತ್ರಿಗಳು ಕಣ್ಣ ಮುಂದೆ ಬಂದವು. ಮುಂದೆ 840ರಲ್ಲಿ ಎನ್ನಿನ್, ತಾನು ಮುಖ ಕಾಣದ ಬೊಗೊನಿಗೆ ಉಪಕಾರ ನೆನೆದು ಕಾಗದ ಬರೆದ. ಸಿಲ್ಲಾದ ಖಲಾಸಿಗಳ ಯೋಗ್ಯತೆ ಎಷ್ಟೆಂದರೆ, 839ರಲ್ಲಿ ಜಪಾನಿನ ರಾಜರ ರಾಯಭಾರಿಗಳೇ ತಮ್ಮ ಹಡಗುಗಳು ಜಖಂ ಆದದ್ದರಿಂದ ಸಿಲ್ಲಾದ ಒಂಬತ್ತು ಹಡಗುಗಳನ್ನೂ ದಾರಿ ಬಲ್ಲ 60ಕ್ಕೂ ಹೆಚ್ಚು ಸಿಲ್ಲಾದವರನ್ನೂ ಬಾಡಿಗೆಗೆ ಹಿಡಿದು ಊರಿಗೆ ಮರಳಿದರು.

ಬೊಗೊನ ಹಡಗುಗಳು ಜಪಾನಿಗೂ ಹೋದವು. 840ರ ಕೊನೆಯಲ್ಲಿ ಅವನ ಪ್ರತಿನಿಧಿಗಳು ಅಲ್ಲಿ ಕಾಣಿಕೆ ಒಪ್ಪಿಸಲು ಹೋದಾಗ ಸರಕಾರ ತೆಗೆದುಕೊಳ್ಳಲಿಲ್ಲ. ರಾಜನಲ್ಲದವನ ಕಾಣಿಕೆ ನಮಗೆ ಬೇಡ ಎಂದಿತು. ಸರಕನ್ನು ಮಾತ್ರ ಪೇಟೆಯಲ್ಲಿ ಮಾರಲು ಬಿಟ್ಟಿತು. ಕಾಣಿಕೆ ಬೇಡ, ಸರಕು ಬೇಕು! ದೊಡ್ಡ ಅಧಿಕಾರಿಗಳು ಚೀನಾದ ಸಾಮಾನಿಗಾಗಿ ಅವನ ಜನರ ಕೈಯಲ್ಲಿ ಮುಂಗಡವಾಗಿ ರೇಶ್ಮೆ ಕೊಟ್ಟಿಡುತ್ತಿದ್ದರು.

ಹೀಗೆ ಎಲುಬಿಲ್ಲದವನೊಬ್ಬ ಮೂರು ದೇಶದ ಕಡಲಿಗೆ ಯಜಮಾನನಾದ. ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ನಡೆದದ್ದನ್ನು ಹೇಳಬೇಕಲ್ಲ.

836ರಲ್ಲಿ ಹುಂಗ್‌ಡೊಕ್ ರಾಜ ಮಕ್ಕಳಿಲ್ಲದೆ ಸತ್ತ. ಅರಮನೆಯವರು ಸಿಂಹಾಸನಕ್ಕಾಗಿ ಒಬ್ಬರನ್ನೊಬ್ಬರು ಕೊಂದುಕೊಂಡರು. ತಂದೆಯನ್ನು ಕಳೆದುಕೊಂಡ ಉಜಿಂಗ್ ಎಂಬ ರಾಜಪುತ್ರ 837ರಲ್ಲಿ ಓಡಿಬಂದು ಬೊಗೊನ ದ್ವೀಪದಲ್ಲಿ ತಲೆಮರೆಸಿಕೊಂಡ. ಮರುವರ್ಷ ಗದ್ದುಗೆಯ ಮೇಲಿದ್ದ ರಾಜನನ್ನೂ ಇನ್ನೊಬ್ಬನು ತೆಗೆದ. ಸೇಡು ತೀರಿಸಲು ಸೈನ್ಯ ಕೊಡೆಂದು ಉಜಿಂಗ್ ಬೊಗೊನನ್ನು ಕೇಳಿದ.

ಇದೇ ಸಮಯಕ್ಕೆ ಆ ಹಳೆಯ ಗೆಳೆಯ ಜೊಂಗ್ ನ್ಯೊನ್ ಬರುತ್ತಾನೆ. ಇಬ್ಬರಿಗೂ ಹಿಂದೆ ಚೀನಾದಲ್ಲಿದ್ದಾಗಲೇ, ಯಾರು ಹೆಚ್ಚೆಂದು ಮನಸ್ತಾಪವಾಗಿತ್ತು. ಬೊಗೊ ಊರಿಗೆ ಬಂದು ದೊಡ್ಡವನಾದ, ನ್ಯೊನ್ ಅಲ್ಲಿಯೇ ಕೆಲಸ ಕಳೆದುಕೊಂಡು ಲಿಯಾನ್‌ಶುಯಿ ಎಂಬಲ್ಲಿ ಹಸಿವು ಚಳಿಯಲ್ಲಿ ದಿನ ನೂಕುತ್ತಿದ್ದ. ಊರಿಗೆ ಹೋಗಿ ಬೊಗೊನಲ್ಲಿ ಅನ್ನ ಬೇಡುತ್ತೇನೆ ಎಂದು ಅಲ್ಲಿನ ಅಧಿಕಾರಿಗೆ ಹೇಳಿದಾಗ, ಅವನ ಕೈಯಲ್ಲಿ ಸಾಯಲು ಹೋಗುತ್ತೀಯಾ ಎಂದು ಆ ಅಧಿಕಾರಿ ಕೇಳಿದ. ಹಸಿವು ಚಳಿಯಿಂದ ಸಾಯುವುದಕ್ಕಿಂತ ಕತ್ತಿಯಿಂದ ಸಾಯುವುದು ಲೇಸು, ಅದೂ ಹುಟ್ಟಿದ ಊರಿನಲ್ಲಿ ಸತ್ತರೆ ಇನ್ನೂ ಲೇಸು ಎಂದು ನ್ಯೊನ್ ಹೊರಟುಬಂದ. ಬೊಗೊ ಅವನನ್ನು ನೋಡಿ ಹಳೆಯದನ್ನು ಎತ್ತಲಿಲ್ಲ. ಕೂರಿಸಿ ಕುಡಿಯಲು ಕೊಟ್ಟ. ಕುಡಿತ ಮುಗಿಯುವುದರೊಳಗೆ, ರಾಜನನ್ನು ಕೊಂದರೆಂಬ ಸುದ್ದಿ ಬಂತು. ಬೊಗೊ 5,000 ಸೈನಿಕರನ್ನು ಬೇರ್ಪಡಿಸಿ, ನ್ಯೊನನ ಕೈ ಹಿಡಿದು ಅಳುತ್ತ, ಈ ಕೆಲಸ ನಿನ್ನಿಂದಲ್ಲದೆ ಆಗದು ಎಂದು ಸೈನ್ಯವನ್ನು ಅವನಿಗೊಪ್ಪಿಸಿದ. ದು ಮು ಕವಿಗೆ ಬೊಗೊನ ಕೋಟೆ ಕೊತ್ತಲಗಳಿಗಿಂತ ಈ ಒಂದು ಗಳಿಗೆಯೇ ದೊಡ್ಡದಾಗಿ ಕಂಡಿತು.

839ರ ಆರಂಭದಲ್ಲಿ ಈಗಿನ ದೇಗು ಪಟ್ಟಣದ ಬಳಿ ಆ ಸೈನ್ಯ ಗೆದ್ದಿತು. ಉಜಿಂಗ್ ರಾಜನಾದ. ಬೊಗೊನಿಗೆ 2,000 ಮನೆಗಳ ಉಂಬಳಿ ಕೊಟ್ಟ. ಅದೇ ವರ್ಷ ತೀರಿಕೊಂಡ. ಮಗ ಮುನ್‌ಸೊಂಗ್ ಪಟ್ಟಕ್ಕೆ ಬಂದು, ಬೊಗೊನ ಮಗಳನ್ನು ಎರಡನೆಯ ರಾಣಿಯಾಗಿ ತರಬೇಕೆಂದ. ಸಿಂಹಾಸನ ಕೊಡಿಸಿದರೆ ನಿನ್ನ ಮಗಳನ್ನು ತರುತ್ತೇವೆಂದು ಉಜಿಂಗ್ ಮೊದಲೇ ಮಾತು ಕೊಟ್ಟಿದ್ದನೆಂದು ಇನ್ನೊಂದು ಹಳೆಯ ಗ್ರಂಥದಲ್ಲಿದೆ. ಆಸ್ಥಾನದವರು ಬೇಡವೆಂದರು. ಕಾರಣ? ಅವನು ದ್ವೀಪದವನು. ಅವನ ಸೈನ್ಯ ಬೇಕಾಗಿತ್ತು, ಅವನ ಹಡಗಿನಲ್ಲಿ ಬಂದ ರೇಶ್ಮೆ ಬೇಕಾಗಿತ್ತು, ಮಗಳು ಮಾತ್ರ ಬೇಡ. ರಾಜ ಮಾತು ಹಿಂದೆ ತೆಗೆದುಕೊಂಡ.

ಇಲ್ಲಿ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಬೊಗೊ ತಪ್ಪಿದ್ದು ಮಗಳ ವಿಚಾರದಲ್ಲಲ್ಲ. ಕಡಲು ಕಾಯಲು ಕೂಡಿದ ಜನರನ್ನು ಒಬ್ಬ ರಾಜಪುತ್ರನ ಪಟ್ಟಕ್ಕಾಗಿ ಕಳಿಸಿದನಲ್ಲ, ತಪ್ಪು ಅಲ್ಲಿ. ಅದುವರೆಗೆ ಅವನು ಅವರಿಗೆ ಬೇಕಾದ ಮನುಷ್ಯ. ಅಂದಿನಿಂದ ಅವರು ಹೆದರುವ ಮನುಷ್ಯ. ಇವತ್ತು ನಮಗೆ ಸಿಂಹಾಸನ ಕೊಟ್ಟವನು ನಾಳೆ ಇನ್ನೊಬ್ಬನಿಗೆ ಕೊಡಲಾರನೇ ಎಂಬ ಹೆದರಿಕೆ. ಈ ಮಾತನ್ನು ಒಪ್ಪದ ಹಿರಿಯರು ಇಲ್ಲಿದ್ದಾರೆ. ಉಪಾಯವಿಲ್ಲದೆ ಹಾಗೆ ಮಾಡಿದ, ಶರಣು ಬಂದವನನ್ನು ಬಿಟ್ಟುಕೊಡಲಾದೀತೇ ಎಂದು ಅವರು ನನ್ನೊಡನೆ ಜಗಳವಾಡಿದ್ದುಂಟು. ಅವರ ಮಾತಿನಲ್ಲಿಯೂ ಸತ್ವವಿದೆ.

ಬೊಗೊ ಸಿಟ್ಟಾದ. ದಂಗೆಯೆದ್ದನೆಂದು ಚರಿತ್ರೆಯವರು ಬರೆದರು. ಅವನ ಮೇಲೆ ಸೈನ್ಯ ಕಳಿಸಲು ರಾಜನಿಗೆ ಧೈರ್ಯವಿಲ್ಲ. ಆಗ ಯೊಮ್ ಜಾಂಗ್ ಎಂಬುವನು ಮುಂದೆ ಬಂದ. ಇವನು ಯಾರು? 838ರಲ್ಲಿ ಬೊಗೊನ ಸೈನ್ಯದಲ್ಲಿ ನ್ಯೊನನ ಜೊತೆಗೆ ನಡೆದ ನಾಯಕರಲ್ಲಿ ಒಬ್ಬ. ಸೈನ್ಯ ಬೇಡ, ನಾನೊಬ್ಬನೇ ಸಾಕು ಎಂದ. ರಾಜನ ಮೇಲೆ ಮುನಿಸಿಕೊಂಡು ಬಂದಂತೆ ನಟಿಸುತ್ತ ದ್ವೀಪಕ್ಕೆ ಹೋದ. ಬೊಗೊನಿಗೆ ವೀರರೆಂದರೆ ಪ್ರೀತಿ. ಹಿಂದೆ ನ್ಯೊನನನ್ನು ಕೂರಿಸಿದಂತೆಯೇ ಇವನನ್ನೂ ಕೂರಿಸಿ ಕುಡಿಯಲು ಕೊಟ್ಟ. ಬೊಗೊನಿಗೆ ಅಮಲೇರಿದಾಗ ಯೊಮ್ ಜಾಂಗ್ ಅವನ ಕತ್ತಿಯನ್ನೇ ಕಸಿದು ಅವನನ್ನು ಕೊಂದ. ಇದು 841ರಲ್ಲಿ ಎಂದು ಜಪಾನಿನ ದಾಖಲೆಗಳಲ್ಲಿದೆ, 846 ಎಂದು ಕೊರಿಯಾದ ಚರಿತ್ರೆಯಲ್ಲಿದೆ. ಕೊಂದವನಿಗೆ ಬಹುಮಾನವಾಗಿ 17 ಮೆಟ್ಟಿಲುಗಳಲ್ಲಿ ಮೇಲಿನಿಂದ ಆರನೆಯ ಮೆಟ್ಟಿಲು ದೊರೆಯಿತು. ಕಡಲು ಕಾದವನಿಗೆ ಸಿಗದ ಮೆಟ್ಟಿಲು ಅದು.

ಮುಂದಿನದು ಬೇಗ ಮುಗಿಯುತ್ತದೆ. 842ರಲ್ಲಿ ಅವನ ಕೆಲವು ಜನ ಓಡಿ ಜಪಾನಿನ ದಡ ಸೇರಿದರು. ನಾವು ಜಾಂಗ್ ಬೊಗೊನ ಕೈಕೆಳಗಿದ್ದ ದ್ವೀಪದವರು, ಅವನು ಹೋದ ಮೇಲೆ ನೆಮ್ಮದಿಯಿಂದ ಬಾಳಲಾಗದೆ ಬಂದೆವು ಎಂದು ಅಲ್ಲಿ ಹೇಳಿಕೆ ಕೊಟ್ಟರು. ಅದೇ ಕಾಲದಲ್ಲಿ, ಬೊಗೊನಿಗೆ ಮುಂಗಡ ರೇಶ್ಮೆ ಕೊಟ್ಟಿದ್ದ ಫುನ್ಯ ಮಿಯತಮಾರೋ ಎಂಬ ಜಪಾನಿನ ಹಳೆಯ ಪ್ರಾಂತಾಧಿಕಾರಿ, ಇನ್ನು ಸಾಲ ವಸೂಲಾಗದೆಂದು ಅಲ್ಲಿಗೆ ಬಂದಿದ್ದ ಬೊಗೊನ ಜನರ ಸರಕನ್ನೆಲ್ಲ ಜಪ್ತಿ ಮಾಡಿದ. ಹಿಂದಕ್ಕೆ ಕೊಡಬೇಕೆಂದು ಜಪಾನಿನ ಸರಕಾರವೇ ಆಜ್ಞೆ ಮಾಡಬೇಕಾಯಿತು. ಬೊಗೊನ ವ್ಯಾಪಾರದ ಹಡಗುಗಳನ್ನು ಚೀನಾಕ್ಕೆ ತರುತ್ತಿದ್ದ ಚೋಯ್ ಹುನ್ ಎಂಬುವನನ್ನು ಎನ್ನಿನ್ 845ರಲ್ಲಿ ಮತ್ತೆ ಕಂಡ. ಆಗ ಅವನು ಊರಿನ ಗಲಭೆಯಿಂದ ತಪ್ಪಿಸಿಕೊಂಡು ಲಿಯಾನ್‌ಶುಯಿಯಲ್ಲಿ ದಿನ ಕಳೆಯುತ್ತಿದ್ದ. ಹಿಂದೆ ನ್ಯೊನ್ ಹಸಿದು ಬಿದ್ದಿದ್ದ ಅದೇ ಊರು. ಚಿಶಾನ್ ಬೆಟ್ಟದ ಮಠವನ್ನೂ ಅದೇ ಸುಮಾರಿಗೆ, ಬೌದ್ಧರ ಮೇಲೆ ಟಾಂಗ್ ಚಕ್ರವರ್ತಿಯ ಕೋಪ ಬಿದ್ದಾಗ, ಕೆಡವಿದರು. 869ರಲ್ಲಿ ಸಿಲ್ಲಾದ ಕಡೆಯ ಕಡಲುಗಳ್ಳರು ಜಪಾನಿನ ಹಕಾಟಾ ಬಂದರಿಗೆ ನುಗ್ಗಿ ಕಂದಾಯದ ರೇಶ್ಮೆಯನ್ನು ದೋಚಿದರು. ಕಾಯುವವನು ಹೋದ ಮೇಲೆ ಕಡಲು ಮತ್ತೆ ಹಳೆಯದಾಯಿತು.

ಇತ್ತೀಚೆಗೆ ಕೊರಿಯಾದವರು ಅವನನ್ನು ಬಹಳ ನೆನೆಯುತ್ತಾರೆ. ವಾಂಡೊದಲ್ಲಿ ಅವನ ದೊಡ್ಡ ಪ್ರತಿಮೆ ಇದೆ. ಜಲಾಂತರ್ಗಾಮಿಗಳಿಗೆ ಅವನ ಹೆಸರಿಟ್ಟಿದ್ದಾರೆ. 2014ರಲ್ಲಿ ದಕ್ಷಿಣ ಧ್ರುವದ ಹಿಮಖಂಡದಲ್ಲಿ ತೆರೆದ ಸಂಶೋಧನೆಯ ಠಾಣೆಗೂ ಅವನದೇ ಹೆಸರು. ಸಂತೋಷ.

ನನಗೆ ಮಾತ್ರ ಆ ಹತ್ತು ಸಾವಿರ ಜನರ ಚಿಂತೆ. 851ರಲ್ಲಿ ರಾಜಾಜ್ಞೆಯಾಗಿ ಚೊಂಗ್‌ಹೇ ಠಾಣೆಯನ್ನು ಮುಚ್ಚಿದರು. ಅಲ್ಲಿಯ ಜನರನ್ನು ಎಬ್ಬಿಸಿ ಬ್ಯೊಕ್‌ಗೊಲ್ ಎಂಬ ಸೀಮೆಗೆ ಸಾಗಿಸಿದರು. ಅದು ಈಗಿನ ಗಿಮ್ಜೆ, ಭತ್ತದ ಬಯಲು, ಹಳೆಯ ಕಾಲದ ಒಂದು ದೊಡ್ಡ ಕೆರೆಯಿಂದ ಹೆಸರು ಪಡೆದ ನಾಡು. ಹಾಯಿ ಕಟ್ಟುವುದು, ಸೆಳವು ನೋಡುವುದು, ನಕ್ಷತ್ರ ನೋಡಿ ದಾರಿ ಹಿಡಿಯುವುದು ಬಲ್ಲ ಜನ ಗದ್ದೆಗೆ ಇಳಿದರು. ಜಾಂಗ್‌ಡೊ ದ್ವೀಪದ ದಡದಲ್ಲಿ ಅವರು ಹುಗಿದ ದಿಮ್ಮಿಗಳ ಬುಡಗಳು ಇಳಿತದ ಹೊತ್ತಿನಲ್ಲಿ ಈಗಲೂ ಕೆಸರಿನಿಂದ ತಲೆಯೆತ್ತುತ್ತವೆ, ಭರತ ಬಂದಾಗ ಮುಳುಗುತ್ತವೆ.

ರಾತ್ರಿ ಪಾಳಿಯವರು ಗಡಿಯಾರ ನೋಡುತ್ತಿದ್ದಾರೆ. ಚಹ ಬಂದಿದೆ. ಕೇಳುವುದಿದ್ದರೆ ಕೇಳಿ.